ಬೋರಿನ ನೀರು, ಬಯಲುಸೀಮೆಯ ಬಿಸಿಲು: ನೈಸರ್ಗಿಕ ಚರ್ಮದ ಆರೈಕೆಗೆ ಬದಲಾಗುವ ಬಗೆ

ಒಂದೇ ದಿನ ಎಲ್ಲವನ್ನೂ ಬದಲಿಸಬೇಡಿ. ಸೋಪು, ಶಾಂಪೂ, ಫೇಸ್‌ವಾಶ್, ಕ್ರೀಮು ಎಲ್ಲ ಒಟ್ಟಿಗೆ ಬಿಸಾಕಿ, ‘ನ್ಯಾಚುರಲ್’ ಎಂದು ಬರೆದ ಆರು ಹೊಸ ಡಬ್ಬಿ ತಂದಿಟ್ಟುಕೊಂಡಿರಿ ಎನ್ನಿ. ಹತ್ತು ದಿನಕ್ಕೆ ಮುಖದ ಮೇಲೆ ಗುಳ್ಳೆ ಎದ್ದರೆ ಅದು ಯಾವ ಡಬ್ಬಿಯ ಕೆಲಸ ಅಂತ ಹೇಳುವವರು ಯಾರು? ಬದಲಾವಣೆಗೆ ಒಂದು ಕ್ರಮ ಇದೆ. ಮೊದಲು ಅಪಾಯದ್ದನ್ನು ಹೊರಗೆ ಹಾಕುವುದು, ಆಮೇಲೆ ಎರಡು ವಾರಕ್ಕೆ ಒಂದರಂತೆ ಉಳಿದದ್ದನ್ನು ಬದಲಿಸುವುದು. ಚರ್ಮದ ಮೇಲ್ಪದರ ಹೊಸದಾಗಿ ಬರಲು ಸುಮಾರು 28 ದಿನ ಬೇಕು. ಹಾಗಾಗಿ ಯಾವ ಕ್ರೀಮಿನ ಬಗ್ಗೆಯೂ ನಾಲ್ಕು ವಾರಕ್ಕೆ ಮುಂಚೆ ತೀರ್ಪು ಕೊಡಬೇಡಿ.

ಇನ್ನೊಂದು ಮಾತು. ಮಲೆನಾಡಿಗೋ ಬೆಂಗಳೂರಿಗೋ ಹೊಂದುವ ಸಲಹೆ ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೆ ಹಾಗೆಯೇ ಹೊಂದುವುದಿಲ್ಲ. ಇಲ್ಲಿ ಬೋರಿನ ನೀರು ಬಹಳ ಕಡೆ ಗಡಸು, ಕೆಲವು ಕಡೆ ಸವಳು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಡೂರಿನ ಅದಿರು ಲಾರಿಗಳ ರಸ್ತೆಯಲ್ಲಿ ಕೆಂಪು ದೂಳು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಕಡೆ ಹಾರುಬೂದಿ. ಯಾವ ಸೋಪು ಹೊಂದುತ್ತದೆ, ಯಾವ ಎಣ್ಣೆ ಕೆಡುತ್ತದೆ, ಯಾವ ಮುಲಾಮು ಡಬ್ಬಿಯಲ್ಲೇ ಕರಗುತ್ತದೆ ಎಂಬುದೆಲ್ಲ ಈ ನೀರು, ಬಿಸಿಲು, ದೂಳಿನ ಮೇಲೆ ನಿಂತಿದೆ. ಡಬ್ಬಿಯ ಮುಂದಿನ ಹಸಿರು ಎಲೆಯ ಚಿತ್ರದ ಮೇಲಲ್ಲ.

ಇವತ್ತೇ ಹೊರಗೆ ಹೋಗಬೇಕಾದದ್ದು

ಮನೆಯಲ್ಲಿರುವ ಎಲ್ಲವನ್ನೂ ಒಂದು ಚಾಪೆಯ ಮೇಲೆ ಹರವಿ. ಮೊದಲು ಹುಡುಕಬೇಕಾದದ್ದು ‘ಬೆಳ್ಳಗಾಗುವ’ ಕ್ರೀಮು.

ಪಾದರಸ ಇರುವ ಕ್ರೀಮಿಗೆ ಕೆಲವು ಗುರುತುಗಳಿವೆ. ತಯಾರಕರ ಪೂರ್ತಿ ವಿಳಾಸ ಇರುವುದಿಲ್ಲ, ಬ್ಯಾಚ್ ನಂಬರ್ ಇರುವುದಿಲ್ಲ, ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಇರುವುದಿಲ್ಲ. ಒಂದು ವಾರದಲ್ಲಿ ಬಣ್ಣ ಬದಲಾಗುತ್ತದೆ ಎಂಬ ಮಾತು ಮಾತ್ರ ದೊಡ್ಡದಾಗಿರುತ್ತದೆ. ಚಿನ್ನ, ಬೆಳ್ಳಿ, ಅಲ್ಯುಮಿನಿಯಂ ತಾಗಿಸಬೇಡಿ ಎಂಬ ಎಚ್ಚರಿಕೆ ಕಂಡರಂತೂ ಅನುಮಾನವೇ ಬೇಡ. ಪಾದರಸ ಲೋಹಕ್ಕೆ ಅಂಟುತ್ತದೆ, ಅದಕ್ಕೇ ಆ ಎಚ್ಚರಿಕೆ. ‘ಕ್ಯಾಲೊಮೆಲ್’, ‘ಮರ್ಕ್ಯುರಿ’, ‘ಮರ್ಕ್ಯುರಸ್ ಕ್ಲೋರೈಡ್’ ಎಂಬ ಹೆಸರೂ ಇರಬಹುದು. ಇದು ಚರ್ಮದಲ್ಲಿ ನಿಲ್ಲುವುದಿಲ್ಲ, ಮೂತ್ರಪಿಂಡಕ್ಕೆ ಹೋಗುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡದ್ದು ಸುದ್ದಿಯಾಗಿತ್ತು. ಆ ಡಬ್ಬಿಯನ್ನು ಬಚ್ಚಲಲ್ಲಿ ತೊಳೆಯಬೇಡಿ. ಮುಚ್ಚಳ ಬಿಗಿಮಾಡಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಹಸಿ ಕಸಕ್ಕೆ ಬೆರೆಸದೆ ಅಪಾಯಕಾರಿ ಕಸ ಎಂದು ಹೇಳಿ ಬೇರೆಯಾಗಿ ಕೊಡಿ. ದಿಂಬಿನ ಕವರು, ಟವೆಲ್ಲು ಬದಲಿಸಿ.

ಎರಡನೆಯದು ಸ್ಟೀರಾಯ್ಡ್ ಟ್ಯೂಬು. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್ ಎಂಬ ಹೆಸರು ಹುಡುಕಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಪಕ್ಕದ ಮನೆಯವರು ಹೇಳಿದರು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು, ತಿಂಗಳುಗಟ್ಟಲೆ ಮುಖಕ್ಕೆ ಹಚ್ಚುವುದು ನಿಂತಿಲ್ಲ. ಇಲ್ಲಿ ಒಂದು ವಿಷಯ ಬಹಳ ಮುಖ್ಯ: ತಿಂಗಳುಗಟ್ಟಲೆ ಹಚ್ಚಿದ್ದರೆ ತಟ್ಟನೆ ನಿಲ್ಲಿಸಿ ಮನೆಮದ್ದಿಗೆ ಇಳಿಯಬೇಡಿ. ನಿಲ್ಲಿಸಿದ ಕೆಲವು ದಿನಕ್ಕೆ ಮುಖ ಕೆಂಪಾಗಿ ಉರಿಯುತ್ತದೆ, ಮೊಡವೆ ಉಕ್ಕುತ್ತವೆ. ಆಗ ಅರಿಶಿನ, ನಿಂಬೆಹಣ್ಣು ತಿಕ್ಕಿದರೆ ಉರಿಗೆ ಉರಿ ಸೇರುತ್ತದೆ. ರಾಯಚೂರಿನ ರಿಮ್ಸ್, ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಕೊಪ್ಪಳದ ಕಿಮ್ಸ್, ಇಂಥ ಕಡೆ ಚರ್ಮರೋಗ ವೈದ್ಯರಿಗೆ ಟ್ಯೂಬು ಸಮೇತ ತೋರಿಸಿ, ಅವರು ಹೇಳಿದ ಹಾಗೆ ಬಿಡಿ.

ಉಳಿದವು ಸಣ್ಣವು, ಆದರೆ ನಿತ್ಯ ಮೈಗೆ ತಾಗುವಂಥವು. ಹೆಸರಿಲ್ಲದ ಸುರ್ಮಾ ಬೇಡ, ಅದರಲ್ಲಿ ಸೀಸ ಇರಬಹುದು. ಮಕ್ಕಳ ಕಣ್ಣಿಗಂತೂ ಯಾವ ಕಾಡಿಗೆಯೂ ಬೇಡ. ಜಾತ್ರೆಯಲ್ಲಿ ಸಿಗುವ ‘ಕಪ್ಪು ಮೆಹಂದಿ’ ಬೇಡ. ಗೋರಂಟಿ ಎಲೆ ಕೊಡುವುದು ಕಿತ್ತಳೆಯಿಂದ ಕಂದುಗೆಂಪು ಬಣ್ಣ, ಅದೂ ಪೂರ್ತಿ ಏರಲು ಒಂದೆರಡು ದಿನ ಬೇಕು. ಅರ್ಧ ಗಂಟೆಯಲ್ಲಿ ಕಪ್ಪಾಯಿತೆಂದರೆ ಅದರಲ್ಲಿ ಕೂದಲಿಗೆ ಹಚ್ಚುವ ಡೈನ ಪಿಪಿಡಿ ಎಂಬ ರಾಸಾಯನಿಕ ಸೇರಿರಬಹುದು. ಅದು ಬೊಬ್ಬೆ ಏಳಿಸಿ, ಬಾಳಿಡೀ ಉಳಿಯುವ ಅಲರ್ಜಿ ತರಬಲ್ಲದು. ಟಿಕಳಿ ಹಚ್ಚುವ ಜಾಗದಲ್ಲಿ ಹಣೆ ತುರಿಸುತ್ತಿದ್ದರೆ, ಬಿಳಿ ಕಲೆ ಬೀಳುತ್ತಿದ್ದರೆ ಸ್ಟಿಕ್ಕರಿನ ಅಂಟು ಕಾರಣವಿರಬಹುದು. ಕೆಲವು ಅಂಟುಗಳಲ್ಲಿರುವ ಒಂದು ಫೀನಾಲ್ ರಾಸಾಯನಿಕ ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ. ತಡಮಾಡದೆ ನಿಲ್ಲಿಸಿ.

ಡಬ್ಬಿ ಓದುವುದು

‘ನ್ಯಾಚುರಲ್’, ‘ಕ್ಲೀನ್’ ಎಂದು ಬರೆಯಲು ಇಷ್ಟೇ ಗಿಡಮೂಲಿಕೆ ಇರಬೇಕು ಎಂಬ ಪ್ರಮಾಣ ನಮ್ಮ ಕಾಸ್ಮೆಟಿಕ್ಸ್ ರೂಲ್ಸ್ 2020ರಲ್ಲಿ ಇಲ್ಲ. ಆದ್ದರಿಂದ ಡಬ್ಬಿಯನ್ನು ತಿರುಗಿಸಿ ಹಿಂದೆ ಓದಿ. 1%ಗಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಗೆ ಇಳಿಸುತ್ತ ಬರೆಯಬೇಕು, ಅದಕ್ಕಿಂತ ಕಡಿಮೆಯವನ್ನು ಕೊನೆಗೆ ಹೇಗೆ ಬೇಕಾದರೂ ಬರೆಯಬಹುದು ಎಂಬುದು ನಿಯಮ. ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ 1%ಗಿಂತ ಹೆಚ್ಚು ಹಾಕುವುದಿಲ್ಲ. ಪಟ್ಟಿಯಲ್ಲಿ ಅದರ ಕೆಳಗೆ ಕೇಸರಿ, ಶ್ರೀಗಂಧ, ಲೋಳೆಸರ ಇದ್ದರೆ ಅವು ಹೆಸರಿಗೆ ಮಾತ್ರ ಇವೆ. ಮುಂದೆ ದೊಡ್ಡದಾಗಿ ‘ಕೇಸರಿ ಕ್ರೀಮು’ ಎಂದಿದ್ದರೂ ನೀವು ದುಡ್ಡು ಕೊಡುತ್ತಿರುವುದು ನೀರು, ಗ್ಲಿಸರಿನ್, ಎಣ್ಣೆಗೆ.

ಸಂರಕ್ಷಕ ಇದ್ದ ಮಾತ್ರಕ್ಕೆ ಡಬ್ಬಿ ಕೆಟ್ಟದ್ದಲ್ಲ. ನೀರು ಇರುವ ಯಾವ ಕ್ರೀಮಿಗೂ ಸಂರಕ್ಷಕ ಬೇಕು, ಇಲ್ಲಿನ ಸೆಕೆಯಲ್ಲಂತೂ ಬೇಕೇ ಬೇಕು. ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಇದ್ದರೆ ಹೆದರಬೇಡಿ. ‘ಪ್ರಿಸರ್ವೇಟಿವ್ ಇಲ್ಲ’ ಎಂದು ಬರೆದ, ನೀರೇ ಮೊದಲ ಪದಾರ್ಥವಾದ ಕ್ರೀಮು ಸಿಕ್ಕರೆ ಅದನ್ನು ಕೊಳ್ಳಬೇಡಿ; ಬೂಷ್ಟು ಕಣ್ಣಿಗೆ ಕಾಣುವ ಮೊದಲೇ ಸೂಕ್ಷ್ಮಜೀವಿ ಬೆಳೆದಿರುತ್ತವೆ. ಹಚ್ಚಿ ಬಿಡುವ ಕ್ರೀಮಿನಲ್ಲಿ ತಪ್ಪಿಸಬೇಕಾದವು ಎರಡು: ಮೀಥೈಲ್‌ಐಸೊಥಯಾಜೊಲಿನೋನ್ ಮತ್ತು ಫಾರ್ಮಾಲ್ಡಿಹೈಡ್ ಬಿಡುವ ಡಿಎಂಡಿಎಂ ಹೈಡಾಂಟಾಯಿನ್. ಇವೆರಡೂ ಅಲರ್ಜಿಗೆ ಹೆಸರಾದವು. ಚರ್ಮ ಸೂಕ್ಷ್ಮವಾಗಿದ್ದರೆ ‘ಪರ್ಫ್ಯೂಮ್’ ಎಂಬ ಒಂದೇ ಪದವನ್ನೂ ದೂರ ಇಡಿ.

ಅಂಗಡಿಯಲ್ಲಿ ಬಿಸಿಲು ಬೀಳುವ ಮುಂದಿನ ಸಾಲಿನ ಬಾಟಲಿ ಬೇಡ, ಒಳಗಿನದು ಕೇಳಿ. ತಂದ ಮೇಲೆ ಗಾಡಿಯ ಡಿಕ್ಕಿಯಲ್ಲಿ ಮಧ್ಯಾಹ್ನವೆಲ್ಲ ಬಿಡಬೇಡಿ.

ಪರೀಕ್ಷೆ

24 ಗಂಟೆ ನೋಡಿದರೆ ಸಾಕು ಎನ್ನುವುದು ತಪ್ಪು. ಅಲರ್ಜಿ ಬಹಳ ಸಲ 48ರಿಂದ 72 ಗಂಟೆಗೆ ಏಳುತ್ತದೆ. ಮೊಣಕೈ ಒಳಮಡಿಕೆಯ ಹತ್ತಿರ ಎರಡು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲದಂತೆ 7 ದಿನ ಹಚ್ಚಿ. ತೊಳೆಯುವ ಪದಾರ್ಥವಾದರೆ ಬಳಸುವಾಗಿನಷ್ಟೇ ಹೊತ್ತು ಇಟ್ಟು ತೊಳೆಯಿರಿ. ಏನೂ ಆಗದಿದ್ದರೆ ಕಿವಿಯ ಕೆಳಗೆ ದವಡೆಯಂಚಿನಲ್ಲಿ 3 ದಿನ, ಆಮೇಲೆ ಮುಖಕ್ಕೆ. ಮನೆಯಲ್ಲಿ ಅರೆದ ಅರಿಶಿನಕ್ಕೂ ಈ ಪರೀಕ್ಷೆ ಬೇಕು. ಗಿಡದಿಂದ ಬಂತೆಂಬ ಕಾರಣಕ್ಕೆ ಅಲರ್ಜಿ ಬಿಡುವುದಿಲ್ಲ.

ಮೊದಲ ಬದಲಾವಣೆ ಸೋಪು, ಅದಕ್ಕೂ ಮೊದಲು ನೀರು

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಇಟ್ಟ ಮಾನದಂಡದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಿಮ್ಮ ನೀರು ಎಂಥದ್ದೆಂದು ಮನೆಯಲ್ಲೇ ಅಂದಾಜು ಮಾಡಬಹುದು. ಕಡಲೆಕಾಳಿನಷ್ಟು ಮೈಸೋಪು ತುರಿದು, ಅರ್ಧ ಲೋಟ ಬಿಸಿ ಫಿಲ್ಟರ್ ನೀರಿನಲ್ಲಿ ಕರಗಿಸಿ. ಎರಡು ಪಾರದರ್ಶಕ ಬಾಟಲಿ ತೆಗೆದುಕೊಂಡು, ಒಂದರಲ್ಲಿ ಮೂರನೇ ಒಂದರಷ್ಟು ಬೋರಿನ ನೀರು, ಇನ್ನೊಂದರಲ್ಲಿ ಅಷ್ಟೇ ಶುದ್ಧ ನೀರಿನ ಘಟಕದ ನೀರು ಹಾಕಿ. ಎರಡಕ್ಕೂ ಒಂದೊಂದು ಚಮಚ ಸೋಪಿನ ನೀರು ಬಿಟ್ಟು, ಹತ್ತು ಎಣಿಸುವವರೆಗೆ ಕುಲುಕಿ. ಘಟಕದ ನೀರಿನಲ್ಲಿ ನೊರೆ ಎದ್ದು ನಿಲ್ಲುತ್ತದೆ. ಬೋರಿನ ನೀರು ಗಡಸಾಗಿದ್ದರೆ ನೊರೆ ತೆಳುವಾಗಿ ಅಳಿದು, ನೀರು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಅದರಲ್ಲಿ ಒಡೆದ ಹಾಲಿನಂಥ ಸಣ್ಣ ಚೂರುಗಳು ತೇಲುತ್ತವೆ. ಆ ಚೂರೇ ಸ್ನಾನದ ನಂತರ ಮೈಮೇಲೆ ಉಳಿಯುವ ಪದರ. ಬಕೆಟ್ಟಿನ ಅಂಚಿಗೆ ಬಿಳಿಯಾಗಿ ಅಂಟುವುದರಲ್ಲಿ ಅದೂ ಇದೆ. ಮೈ ಬಿಗಿದಂತೆ, ಬೂದಿ ಬಳಿದಂತೆ ಕಾಣುವುದಕ್ಕೆ ಅದೇ ಕಾರಣ.

ಈಗ ಕೈಯಲ್ಲಿ ಮಾಡಿದ ‘ನೈಸರ್ಗಿಕ’ ಸೋಪಿನ ವಿಷಯ. ಯಾವ ನಿಜವಾದ ಸೋಪೂ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿಯೇ ಆಗುವುದು. ಅದರ ಪಿಎಚ್ (ಹುಳಿ, ಕ್ಷಾರದ ಅಳತೆ) 9ರಿಂದ 10, ಚರ್ಮದ್ದು ಸುಮಾರು 5. ಕಂಪನಿ ಸೋಪಿನಲ್ಲಿ ಗಡಸು ನೀರನ್ನು ಹಿಡಿದಿಡಲು ಇಡಿಟಿಎ ಹಾಕಿರುತ್ತಾರೆ. ಮನೆ ಸೋಪಿನಲ್ಲಿ ‘ರಾಸಾಯನಿಕ ಬೇಡ’ ಎಂದು ಅದನ್ನು ಬಿಡುತ್ತಾರೆ, ಅದರ ಜಾಗಕ್ಕೆ ಏನನ್ನೂ ಹಾಕುವುದಿಲ್ಲ. ಹೀಗಾಗಿ ಮೆದು ನೀರಿನ ಊರಿನಲ್ಲಿ ಚೆನ್ನಾಗಿದ್ದ ಸೋಪು ರಾಯಚೂರಿನ ಬೋರಿನ ನೀರಿನಲ್ಲಿ ಮೈಯನ್ನು ಇನ್ನಷ್ಟು ಒಣಗಿಸುತ್ತದೆ. ಕೊಳ್ಳುವುದೇ ಆದರೆ ಸೋಡಿಯಂ ಸಿಟ್ರೇಟ್ ಅಥವಾ ಸೋಡಿಯಂ ಗ್ಲುಕೊನೇಟ್ ಸೇರಿಸಿದೆಯೇ, ಕೊಯ್ದ ಮೇಲೆ 4ರಿಂದ 6 ವಾರ ಒಣಗಿಸಿದೆಯೇ ಎಂದು ಕೇಳಿ. ತೆಂಗಿನೆಣ್ಣೆ ಹೆಚ್ಚಿರುವ ಸೋಪು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ, ಆದರೆ ಒಣ ಮೈಯವರಿಗೆ ಆಗದು.

ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ನೀರು ಬಹಳ ಗಡಸಾಗಿರುವ ಮನೆಗೆ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಮೊದಲ ಸಾಲಿನಲ್ಲಿರುವ ಬಾರ್ ಒಳ್ಳೆಯದು. ಅದರ ಕೊಬ್ಬು ತೆಂಗಿನೆಣ್ಣೆಯದೇ, ಪಿಎಚ್ ಚರ್ಮಕ್ಕೆ ಹತ್ತಿರ, ಗಡಸು ನೀರಿನಲ್ಲಿ ಒಡೆಯುವುದಿಲ್ಲ. ಹೆಸರು ಉದ್ದವಾಗಿದೆಯೆಂದು ಬಿಡಬೇಡಿ. ಸಾಮಾನ್ಯ ಸೋಪೇ ಸಾಕು ಎನ್ನುವವರು ಟಿಎಫ್ಎಂ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶ ನೋಡಿ. 76%ಗಿಂತ ಮೇಲಿದ್ದರೆ ಮೊದಲ ದರ್ಜೆಯ ಸೋಪು. ‘ಬೇದಿಂಗ್ ಬಾರ್’ ಎಂದಿದ್ದರೆ 40% ಇದ್ದರೂ ನಡೆಯುತ್ತದೆ, ಅದು ಬೇರೆ ವರ್ಗ.

ನೀರಿಗೂ ಸ್ವಲ್ಪ ಉಪಾಯ ಇದೆ. ಹಂಡೆಯಲ್ಲಿ ಬಿಳಿ ಗಸಿ ಕಟ್ಟುವ ನೀರನ್ನು 10 ನಿಮಿಷ ಕುದಿಸಿ, ತಣಿಸಿ, ಮೇಲಿನದನ್ನು ಬಸಿದುಕೊಂಡರೆ ಗಡಸುತನದ ಒಂದು ಭಾಗ ಗಸಿಯಾಗಿ ಉಳಿಯುತ್ತದೆ. ಪಟಿಕ ತಿರುಗಿಸಿದರೆ ಕೆಸರು ತಳಕ್ಕೆ ಕೂರುತ್ತದೆ ಅಷ್ಟೇ, ಗಡಸುತನ ಹೋಗುವುದಿಲ್ಲ. ಎಲ್ಲಕ್ಕಿಂತ ಸುಲಭದ್ದು: ಸ್ನಾನ ಬೋರಿನ ನೀರಿನಲ್ಲೇ ಆಗಲಿ, ಕೊನೆಗೆ ಮುಖಕ್ಕೆ ಎರಡು ಲೋಟ, ತಲೆಗೆ ಒಂದು ಲೀಟರ್ ಘಟಕದ ನೀರು ಅಥವಾ ಮಳೆನೀರು ಹಾಕಿಕೊಳ್ಳಿ.

ಎಣ್ಣೆ

ಈ ಮೂರು ಜಿಲ್ಲೆಯವರಿಗೆ ದೂರದಿಂದ ಅರ್ಗಾನ್ ಎಣ್ಣೆ ತರಿಸುವ ಅಗತ್ಯವಿಲ್ಲ. ಎರೆಹೊಲದ ಕುಸುಬಿ, ಸೂರ್ಯಕಾಂತಿ ಎರಡರಲ್ಲೂ ಲಿನೋಲಿಕ್ ಆಮ್ಲ ಹೆಚ್ಚು. ಚರ್ಮದ ತಡೆಗೋಡೆ ಕಟ್ಟಲು ಬೇಕಾದದ್ದು ಅದೇ. ಮೊಡವೆ ಏಳುವ ಮುಖಕ್ಕೂ ಕುಸುಬಿ ಎಣ್ಣೆ ಹಗುರ. ತೆಂಗಿನೆಣ್ಣೆ ಕೂದಲಿಗೆ, ಕೈಕಾಲಿಗೆ ಒಳ್ಳೆಯದು, ಮೊಡವೆ ಮುಖಕ್ಕೆ ಬೇಡ. ಸಾಸಿವೆ ಎಣ್ಣೆ ಕೂಸಿನ ಮೈಗೆ ಹಚ್ಚಬೇಡಿ. ಔಡಲೆಣ್ಣೆ ತೀರ ಮಂದ, ಒಂದನ್ನೇ ಹಚ್ಚದೆ ಐದನೇ ಒಂದು ಪಾಲು ಬೆರೆಸಿ.

ಲಿನೋಲಿಕ್ ಹೆಚ್ಚಿರುವ ಎಣ್ಣೆ ಬೇಗ ಕಮಟುತ್ತದೆ ಎಂಬುದು ಇದರ ದೋಷ. ಗಾಣದವರ ಹತ್ತಿರ ಯಾವತ್ತು ತೆಗೆದದ್ದು ಎಂದು ಕೇಳಿ, 200 ಮಿಲಿಗಿಂತ ಹೆಚ್ಚು ಒಯ್ಯಬೇಡಿ. ಬಣ್ಣದ ಗಾಜಿನ ಬಾಟಲಿಯಲ್ಲಿ ಬಾಯಿ ತುಂಬ ತುಂಬಿಸಿ, ಫ್ರಿಜ್ಜಿನಲ್ಲಿ ಇಡಿ. ಬಾಟಲಿ ಅರ್ಧವಾದರೆ ಚಿಕ್ಕ ಬಾಟಲಿಗೆ ಬಗ್ಗಿಸಿ. ಮೇಲಿನ ಗಾಳಿಯೇ ಎಣ್ಣೆ ಕೆಡಿಸುವುದು. 100 ಮಿಲಿಗೆ 400 ಮಿಲಿಗ್ರಾಮಿನ ಒಂದು ವಿಟಮಿನ್ ಇ ಕ್ಯಾಪ್ಸೂಲ್ ಚುಚ್ಚಿ ಹಿಂಡಿದರೆ ಕೆಡುವುದು ತಡವಾಗುತ್ತದೆ. ಎರಡು ಮೂರು ತಿಂಗಳಲ್ಲಿ ಮುಗಿಸಿ. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ ಮೂಸಿ ನೋಡಿ: ಹಳೇ ಕರಿದ ಹಪ್ಪಳದ ಡಬ್ಬಿಯ ವಾಸನೆ ಬಂದರೆ ಅದು ದೀಪಕ್ಕೆ ಸರಿ, ಮುಖಕ್ಕಲ್ಲ.

ಹಚ್ಚುವುದು ಒದ್ದೆ ಮೈಗೆ. ಟವೆಲ್ಲಿನಿಂದ ಒತ್ತಿ, ಇನ್ನೂ ತೇವ ಇರುವಾಗಲೇ ಮುಖಕ್ಕೆ 3 ಹನಿ, ಇಡೀ ಮೈಗೆ ಒಂದು ದೊಡ್ಡ ಚಮಚ ಸಾಕು. ಎಣ್ಣೆ ತೇವ ಕೊಡುವುದಿಲ್ಲ, ಇದ್ದ ತೇವವನ್ನು ಹಿಡಿಯುತ್ತದೆ. ಒಣ ಮೈಗೆ ಹಚ್ಚಿ ‘ಎಣ್ಣೆ ಹಚ್ಚಿದರೂ ಬಿಗಿಯುತ್ತದೆ’ ಎನ್ನುವವರು ಇಲ್ಲೇ ತಪ್ಪುವುದು. ಬೆವರುಸಾಲೆ ಎದ್ದಿರುವಾಗ ಮಾತ್ರ ಎಣ್ಣೆ ಬೇಡವೇ ಬೇಡ. ತಣ್ಣೀರು, ತೆಳು ಹತ್ತಿ ಬಟ್ಟೆ, ಗಾಳಿ ಇಷ್ಟೇ.

ಸುಗಂಧ ತೈಲ ಸೇರಿಸುವ ಆಸೆ ಇದ್ದರೆ ಮುಖದ ಎಣ್ಣೆಗೆ 100 ಮಿಲಿಗೆ 10 ಹನಿ, ಮೈಗೆ 20 ಹನಿ ಮೀರಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ. ಕರ್ಪೂರ ಬೆರೆಸಿದ ಎಣ್ಣೆ ಪುಟ್ಟ ಮಕ್ಕಳಿಗೆ ಅಪಾಯ.

ಮೆಣಸಿನಕಾಯಿ ತೊಟ್ಟು ಬಿಡಿಸಿ ಕೈ ಉರಿಯುತ್ತಿದ್ದರೆ ನೀರು ಹಾಕುವ ಮೊದಲು ಇದೇ ಎಣ್ಣೆ ಒಂದು ಚಮಚ ಕೈಗೆ ತಿಕ್ಕಿ, ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಚ್ಚಿ. ಖಾರದ ಅಂಶ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಅದಿರಿನ ದೂಳಿಗೂ ಎಣ್ಣೆಯೇ ದಾರಿ, ಆದರೆ ಇಲ್ಲಿ ಮೊದಲು ನೀರು ಎರಚಿ ದೂಳು ಇಳಿಸಿ, ಅರ್ಧ ಚಮಚ ಎಣ್ಣೆ ಮೆಲ್ಲಗೆ ಆಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ ತೊಳೆಯಿರಿ. ದೂಳು ಇರುವಾಗಲೇ ಸ್ಕ್ರಬ್ ತಿಕ್ಕಿದರೆ ಮರಳುಕಾಗದ ಉಜ್ಜಿದ ಹಾಗೆ.

ಸೀಗೆಪುಡಿ

ಸೀಗೆಕಾಯಿ, ಅಂಟುವಾಳದ ನೊರೆ ಸೋಪಿನಂತೆ ಗಡಸು ನೀರಿನಲ್ಲಿ ಒಡೆಯುವುದಿಲ್ಲ, ಅದಕ್ಕೇ ಇದು ಈ ಕಡೆಗೆ ಹೇಳಿಮಾಡಿಸಿದ್ದು. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಆಂಧ್ರ, ತೆಲಂಗಾಣದ ಗಡಿ ಕಡೆ ಅಂಟುವಾಳ ತಿಳಿಯದಿದ್ದರೆ ಕುಂಕುಡುಕಾಯಿ ಎಂದು ಕೇಳಿ.

ಸೀಗೆಕಾಯಿ 500 ಗ್ರಾಂ, ಹೆಸರುಕಾಳು 250 ಗ್ರಾಂ, ಮೆಂತ್ಯ 100 ಗ್ರಾಂ, ಬೀಜ ತೆಗೆದ ಅಂಟುವಾಳದ ಸಿಪ್ಪೆ 100 ಗ್ರಾಂ, ಒಣ ನೆಲ್ಲಿಚೂರು 50 ಗ್ರಾಂ, ನೆರಳಲ್ಲಿ ಒಣಗಿಸಿದ ಕರಿಬೇವು ಒಂದು ಹಿಡಿ. ಬೇಸಿಗೆಯ ಬಿಸಿಲಲ್ಲಿ ಎರಡು ದಿನ ಒಣಗಿಸಿ. ಸೀಗೆಕಾಯಿ ಮುರಿದರೆ ‘ಟಕ್’ ಎನ್ನಬೇಕು, ಬಾಗಿದರೆ ಇನ್ನೂ ಒಣಗಿಲ್ಲ. ಗಿರಣಿಯಲ್ಲಿ ಖಾರದಪುಡಿ ಹಾಕಿದ ಕಲ್ಲಿಗೆ ಹಾಕಿಸಬೇಡಿ, ತಲೆ ಉರಿಯುತ್ತದೆ. ಬೀಸುವಾಗ ಮೂಗಿಗೆ ಬಟ್ಟೆ ಕಟ್ಟಿ. ತೆಳು ಬಟ್ಟೆಯಲ್ಲಿ ಸೋಸಿ. ಸೋಸದ ಪುಡಿಯ ನಾರು ಕೂದಲಲ್ಲಿ ಸಿಕ್ಕಿಕೊಂಡು ಬಾಚುವಾಗ ಕೀಳುತ್ತದೆ.

ಸೊಂಟದುದ್ದದ ಕೂದಲಿಗೆ 3ರಿಂದ 4 ದೊಡ್ಡ ಚಮಚ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ 20 ನಿಮಿಷ ನೆನೆಸಿ. ಕುದಿಯುವ ನೀರು ಹಾಕಿದರೆ ಗಂಟು ಕಟ್ಟುತ್ತದೆ. ಬುಡಕ್ಕೆ ಹಚ್ಚಿ, ಕಣ್ಣು ಮುಚ್ಚಿ ತೊಳೆಯಿರಿ. ತಲೆಗೆ ಹಿಂದಿನ ರಾತ್ರಿ ಎಣ್ಣೆ ಸುರಿದಿದ್ದರೆ ಸೀಗೆ ಅದನ್ನು ತೆಗೆಯದು. ಎಣ್ಣೆ ಎರಡು ಸಣ್ಣ ಚಮಚದೊಳಗೆ ಇರಲಿ. ಕೂದಲು ಹುಲ್ಲಿನಂತಾದರೆ ಮುಂದಿನ ಸಲ ಅಂಟುವಾಳ ಅರ್ಧಕ್ಕಿಳಿಸಿ, ಮೆಂತ್ಯ ಹೆಚ್ಚಿಸಿ. ಶಾಂಪೂ ಬಿಟ್ಟ ಮೊದಲ ಮೂರು ನಾಲ್ಕು ವಾರ ಕೂದಲು ಒರಟು ಎನಿಸುತ್ತದೆ. ಕಂಡೀಶನರಿನಲ್ಲಿರುವ ಡೈಮೆಥಿಕೋನ್ ಎಂಬ ಸಿಲಿಕೋನಿನ ಪದರ ಹೋಗಿ ನಿಜವಾದ ಕೂದಲು ಕೈಗೆ ಸಿಗುವ ಹೊತ್ತು ಅದು. ಒಂದು ಲೀಟರ್ ಘಟಕದ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ವಿನೆಗರ್ ಬೆರೆಸಿ ಕೊನೆಗೆ ಸುರಿದುಕೊಂಡರೆ ಗಡಸು ನೀರಿನ ಪದರ ಇಳಿದು ಸಿಕ್ಕು ಬಿಡುತ್ತದೆ.

ಮುಖ

ಹೆಸರುಹಿಟ್ಟು ಎರಡು ಸಣ್ಣ ಚಮಚ, ನೀರು ಅಥವಾ ಹುಳಿಯಿಲ್ಲದ ಮೊಸರು, ಅರ್ಧ ನಿಮಿಷ ಬೆರಳ ತುದಿಯಲ್ಲಿ ಆಡಿಸಿ ತೊಳೆಯಿರಿ. ವಾರಕ್ಕೆ ಎರಡು ಮೂರು ಸಲ ಸಾಕು. ಹಿಟ್ಟು ಮೈದಾದಷ್ಟು ನುಣ್ಣಗಿರಬೇಕು. ಕಡ್ಲೆಹಿಟ್ಟು ಎಣ್ಣೆ ಮುಖಕ್ಕೆ ಮಾತ್ರ. ಮುಲ್ತಾನಿ ಮಿಟ್ಟಿಯನ್ನು ಬಿರುಕು ಬಿಡುವವರೆಗೆ ಒಣಗಿಸುವುದು ಈ ಹವೆಯಲ್ಲಿ ದೊಡ್ಡ ತಪ್ಪು. 8 ನಿಮಿಷಕ್ಕೆ, ಇನ್ನೂ ಜಿಗುಟಿರುವಾಗ ತೊಳೆಯಿರಿ.

ಅರಿಶಿನ ಬಿಡಿಪುಡಿ ಬೇಡ. ಬಣ್ಣಕ್ಕೆಂದು ಸೀಸದ ಕ್ರೋಮೇಟ್ ಬೆರೆಸುವ ಮೋಸ ನಡೆದದ್ದಿದೆ. ಕೊಂಬು ತಂದು ತೇಯಿರಿ. ಕಸ್ತೂರಿ ಅರಿಶಿನವೆಂದು ಕೊಟ್ಟದ್ದನ್ನು ಮುರಿದು ನೋಡಿ: ಒಳಗೆ ಅಡುಗೆ ಅರಿಶಿನದ ಗಾಢ ಕಿತ್ತಳೆ ಇರಬಾರದು, ತೆಳು ಬಣ್ಣ, ಕರ್ಪೂರದಂಥ ಘಮ ಇರಬೇಕು.

ಲೋಳೆಸರದ ಎಲೆ ಕೊಯ್ದ ತಕ್ಷಣ ಹಚ್ಚಬೇಡಿ. ಕೊಯ್ದ ತುದಿ ಕೆಳಗೆ ಮಾಡಿ ಲೋಟದಲ್ಲಿ 20 ನಿಮಿಷ ನಿಲ್ಲಿಸಿ. ಹಳದಿ ರಸ ಇಳಿಯುತ್ತದೆ, ತುರಿಕೆ ತರುವುದು ಅದೇ. ಆಮೇಲೆ ತೊಳೆದು ಸಿಪ್ಪೆ ತೆಗೆದು ತಿರುಳು ಬಳಸಿ. ಫ್ರಿಜ್ಜಿನಲ್ಲಿ 2 ದಿನ, ಹೊರಗೆ ಆ ಹೊತ್ತಿಗಷ್ಟೇ.

ನಿಂಬೆರಸ ಮುಖಕ್ಕೆ ಬೇಡ. ಅದರ ಪಿಎಚ್ ಸುಮಾರು 2, ಮೇಲಾಗಿ ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಗಾಯದಂತೆ ಕಪ್ಪು ಕಲೆ ಬೀಳುತ್ತದೆ. ಅಡುಗೆ ಸೋಡಾವೂ ಬೇಡ.

ಬಿಸಿಲು ಮುಲಾಮನ್ನು ಕರಗಿಸದಂತೆ

ಗದ್ದೆ ಕೆಸರಿನಲ್ಲಿ, ಬರಿಗಾಲಲ್ಲಿ ಒಡೆದ ಹಿಮ್ಮಡಿಗೆ ಜೇನುಮೇಣದ ಮುಲಾಮು ಮನೆಯಲ್ಲೇ ಆಗುತ್ತದೆ. ನೀರಿಲ್ಲದ್ದರಿಂದ ಸಂರಕ್ಷಕ ಬೇಡ. ಸಾಮಾನ್ಯವಾಗಿ ಒಂದು ಪಾಲು ಮೇಣಕ್ಕೆ ಐದಾರು ಪಾಲು ಎಣ್ಣೆ ಹಾಕುತ್ತಾರೆ. ಮೇ ತಿಂಗಳ ಬಳ್ಳಾರಿಯಲ್ಲಿ ಅದು ತೀರ ಮೆತ್ತಗಾಗಿ ಎಣ್ಣೆ ಬಿಡುತ್ತದೆ. ಇಲ್ಲಿಗೆ ಅಳತೆ ಹೀಗಿರಲಿ: ಜೇನುಮೇಣ 22 ಗ್ರಾಂ, ಎಳ್ಳೆಣ್ಣೆ 58 ಗ್ರಾಂ, ಔಡಲೆಣ್ಣೆ 20 ಗ್ರಾಂ. ಚಮಚದ ಲೆಕ್ಕ ಬೇಡ, ತೂಕ ಮಾಡಿ.

ಡಬ್ಬಿಗಳನ್ನು ತೊಳೆದು ಒಂದು ಗಂಟೆ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ. ಮೇಣವನ್ನು ತುರಿದು ಎಣ್ಣೆಗಳ ಜೊತೆ ಸ್ಟೀಲ್ ಬಟ್ಟಲಿಗೆ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿ. ನೇರ ಉರಿಯ ಮೇಲೆ ಇಡಬೇಡಿ. ಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಹತ್ತು ಹದಿನೈದು ನಿಮಿಷ ಬೇಕು. ಕರಗಿದ ಮೇಲೆ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಎರಡು ನಿಮಿಷ ಕಾಯಿರಿ. ಬೆರಳಿನಿಂದ ಒತ್ತಿದರೆ ಮೊದಲು ತಡೆದು, ಆಮೇಲೆ ಜಾರಬೇಕು. ಒತ್ತುವ ಮೊದಲೇ ಜಾರಿದರೆ 2 ಗ್ರಾಂ ಮೇಣ ಸೇರಿಸಿ. ಮೇಣದಬತ್ತಿಯಂತೆ ಗಟ್ಟಿಯಾದರೆ ಒಂದು ಚಮಚ ಎಣ್ಣೆ. ಡಬ್ಬಿಗೆ ಸುರಿದು, ಅಲುಗಾಡಿಸದೆ ಬಿಡಿ, ತಣಿದ ಮೇಲೆ ಮುಚ್ಚಿ. ಬಿಸಿಯಿರುವಾಗ ಮುಚ್ಚಿದರೆ ಮುಚ್ಚಳದಲ್ಲಿ ಹಬೆಯ ಹನಿ ಕಟ್ಟಿ, ಆ ಹನಿಯಿಂದಲೇ ಕಪ್ಪು ಬೂಷ್ಟು ಶುರುವಾಗುತ್ತದೆ. ಮೇಲೆ ಎಣ್ಣೆಯ ಹನಿ ಬೆವರಿದರೆ ಮತ್ತೆ ಕರಗಿಸಿ ಮೇಣ ಸೇರಿಸಿ. ರವೆಯಂಥ ಕಾಳು ಕಂಡರೆ ನಿಧಾನವಾಗಿ ತಣಿದದ್ದು ಕಾರಣ, ತೊಂದರೆ ಇಲ್ಲ.

ರಾತ್ರಿ ಕಾಲನ್ನು 15 ನಿಮಿಷ ಬೆಚ್ಚಗಿನ ನೀರಿನಲ್ಲಿ ಇಟ್ಟು, ಕಾಲುಜ್ಜುವ ಕಲ್ಲು ಹಗುರವಾಗಿ ಆಡಿಸಿ, ತೇವ ಇರುವಾಗಲೇ ಕಡಲೆಕಾಳಿನಷ್ಟು ಮುಲಾಮು ಹಚ್ಚಿ ಹತ್ತಿ ಕಾಲುಚೀಲ ಹಾಕಿ. ಸಕ್ಕರೆ ಕಾಯಿಲೆ ಇದ್ದವರು, ಒಡಕಿನಲ್ಲಿ ರಕ್ತ ಬರುವವರು ಇದನ್ನು ಬಿಟ್ಟು ವೈದ್ಯರ ಹತ್ತಿರ ಹೋಗಬೇಕು.

ಸನ್‌ಸ್ಕ್ರೀನ್ ಮಾತ್ರ ಮನೆಯಲ್ಲಿ ಮಾಡಬೇಡಿ

ತೆಂಗಿನೆಣ್ಣೆ, ಕ್ಯಾರೆಟ್ ಬೀಜದ ಎಣ್ಣೆ, ಶ್ರೀಗಂಧ ಯಾವುದೂ ಈ ಬಿಸಿಲನ್ನು ತಡೆಯುವುದಿಲ್ಲ. ಜಿಂಕ್ ಆಕ್ಸೈಡ್ ಪುಡಿ ತಂದು ಕ್ರೀಮಿಗೆ ಕಲಸಿದರೆ ಅದು ಗಂಟುಗಂಟಾಗಿ ಕೂರುತ್ತದೆ, ಗಂಟಿಲ್ಲದ ಕಡೆ ಚರ್ಮ ಸುಡುತ್ತದೆ. ಖನಿಜದ್ದೇ ಬೇಕೆಂದರೆ ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ, ಯುವಿ-ಎ ಕಿರಣ ತಡೆಯುವ ಅಳತೆಯಾದ ಪಿಎ ಮೂರು ಪ್ಲಸ್ (PA+++) ಇರುವುದನ್ನು ಕೊಳ್ಳಿ. ನಮ್ಮ ಮೈಬಣ್ಣಕ್ಕೆ ಅದು ಬೂದುಬೂದಾಗಿ ಕಾಣುತ್ತದೆ; ಐರನ್ ಆಕ್ಸೈಡ್ ಸೇರಿದ ಬಣ್ಣದ ಸನ್‌ಸ್ಕ್ರೀನ್ ತೆಗೆದುಕೊಂಡರೆ ಆ ತೊಂದರೆ ಇಲ್ಲ, ಬಂಗು ಇರುವವರಿಗೂ ಅದೇ ಮೇಲು, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢ ಮಾಡುತ್ತದೆ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಹೊಲದ ಕೆಲಸದಲ್ಲಿ ಅದು ಆಗದ ಮಾತು, ಬೆವರಿಗೆ ನಿಲ್ಲುವುದೂ ಇಲ್ಲ. ಅಲ್ಲಿ ದಟ್ಟ ನೇಯ್ಗೆಯ ಹತ್ತಿ ಟವೆಲ್ಲು, ಸೆರಗು, ತುಂಬುತೋಳಿನ ಅಂಗಿಯೇ ಹೆಚ್ಚು ಕೆಲಸ ಮಾಡುತ್ತವೆ.

ಕಂಕುಳಿಗೆ ಒದ್ದೆ ಮಾಡಿದ ಪಟಿಕ ಒಮ್ಮೆ ಆಡಿಸಿದರೆ ವಾಸನೆ ಕಡಿಮೆಯಾಗುತ್ತದೆ. ಅದೂ ಅಲ್ಯುಮಿನಿಯಂ ಲವಣವೇ, ‘ಅಲ್ಯುಮಿನಿಯಂ ಇಲ್ಲ’ ಎಂದು ಮಾರಿದರೆ ನಂಬಬೇಡಿ. ಕೂದಲು ತೆಗೆದ ದಿನ ಬೇಡ.

ಪ್ರತಿ ಡಬ್ಬಿಗೂ ತೆರೆದ ತಾರೀಖು ಬರೆದ ಚೀಟಿ ಅಂಟಿಸಿ. ಹೊಸದು ಶುರುಮಾಡಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಸ್ವಲ್ಪ ಬಿಗಿತ, ಒಂದೆರಡು ಗುಳ್ಳೆ ಬಂದರೆ ಎರಡು ದಿನ ಬಿಟ್ಟು ಮತ್ತೆ ನೋಡಬಹುದು. ತುರಿಕೆ, ಊತ, ನೀರುಗುಳ್ಳೆ, ಕಣ್ಣಿನ ರೆಪ್ಪೆ ಬಾವು ಕಂಡರೆ ಎಲ್ಲವನ್ನೂ ನಿಲ್ಲಿಸಿ ಬರೀ ನೀರಿನಲ್ಲಿ ತೊಳೆಯಿರಿ, ಎರಡು ದಿನಕ್ಕೆ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಊತ ತುಟಿಗೆ ಏರಿದರೆ, ಉಸಿರು ಕಟ್ಟಿದರೆ ಕಾಯದೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಹೋಗುವಾಗ ಹಚ್ಚಿದ ಪ್ರತಿಯೊಂದರ ಡಬ್ಬಿ, ಖಾಲಿಯಾಗಿದ್ದರೂ ಸರಿ, ಮನೆಯಲ್ಲಿ ಬೀಸಿದ ಪುಡಿಯಾದರೆ ಒಂದು ಚಿಟಿಕೆ ಪೊಟ್ಟಣ ಕಟ್ಟಿ ಜೊತೆಗೆ ಒಯ್ಯಿರಿ.